ತಾತನ ಟ್ರಂಕಿನ ಬಯೊನೆಟ್: ಮಾದರಿ ಯಾವುದು, ವರ್ಷ ಯಾವುದು

ಅಲಗಿನ ಬುಡದಲ್ಲಿ 1907 ಎಂದು ಮುದ್ರೆ ಬಿದ್ದಿದ್ದರೆ, ಅದು 1907ರಲ್ಲಿ ಮಾಡಿದ ಬಯೊನೆಟ್ (ರೈಫಲಿನ ಮೂತಿಗೆ ಸಿಕ್ಕಿಸುವ ಕತ್ತಿ) ಅಲ್ಲ. ಮಿಲಿಟರಿಯಲ್ಲಿದ್ದ ಅಜ್ಜಂದಿರ ಮನೆಗಳಲ್ಲಿ ಹೆಚ್ಚು ಕೇಳಿಬರುವ ತಪ್ಪು ಇದೇ. 1907 ಎನ್ನುವುದು ಮಾದರಿಯ ಹೆಸರು. ಆ ಮಾದರಿಗೆ ಮಂಜೂರಾತಿ ಸಿಕ್ಕಿದ್ದೇ 1908ರ ಜನವರಿಯಲ್ಲಿ. ತಯಾರಾದ ತಿಂಗಳು ಮತ್ತು ವರ್ಷ ಅದರ ಕೆಳಗೆ ಚಿಕ್ಕ ಅಂಕಿಗಳಲ್ಲಿ ಇರುತ್ತವೆ. ಎಷ್ಟೋ ಸಲ ತುಕ್ಕಿನಡಿ ಮುಚ್ಚಿಹೋಗಿರುತ್ತವೆ.

ಶಾರ್ಟ್ ಲೀ-ಎನ್‌ಫೀಲ್ಡ್ ರೈಫಲಿಗೆಂದು ಮಾಡಿದ ಈ ಬಯೊನೆಟ್ಟನ್ನು ಬ್ರಿಟಿಷ್ ಇಂಡಿಯಾದ ಸೈನ್ಯ ಎರಡೂ ಮಹಾಯುದ್ಧಗಳಲ್ಲಿ ಬಳಸಿತು. ಹಾಗಾಗಿ ನಮ್ಮ ಕಡೆಯ ಮನೆಗಳಲ್ಲಿ ಟ್ರಂಕಿನಿಂದ ಹೊರಬರುವ ಮಿಲಿಟರಿ ಕತ್ತಿ ಇದೇ ಆಗಿರುವ ಸಾಧ್ಯತೆ ಹೆಚ್ಚು. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ಮೊದಲು, ಏನು ಮಾಡಬಾರದು ಎನ್ನುವುದು. ಎಮರಿ ಪೇಪರ್, ಸ್ಟೀಲ್ ಜುಂಗು, ಹುಣಸೆಹಣ್ಣು, ನಿಂಬೆಹಣ್ಣು, ಗ್ರೈಂಡಿಂಗ್ ಚಕ್ರ ಯಾವುದನ್ನೂ ಹತ್ತಿರ ತರಬೇಡಿ. ಮುದ್ರೆಗಳು ತೀರ ಮೇಲುಮೇಲಿನ ಅಚ್ಚು. ಪದೇ ಪದೇ ಉಜ್ಜಿದ ಅಲಗಿನಲ್ಲಿ ತಿಂಗಳ ಅಂಕಿಯೇ ಮೊದಲು ಅಳಿಸುವುದು, ಆಮೇಲೆ ವರ್ಷದ್ದು. ಫಳಫಳ ಹೊಳೆಯುವ, ಮುದ್ರೆ ಓದಲಾಗದ ಬಯೊನೆಟ್ಟಿಗೆ ಸಂಗ್ರಾಹಕರು ಕೊಡುವ ಬೆಲೆ ಕಡಿಮೆ. ಬೆಲೆ ಹಾಗಿರಲಿ, ಗುರುತು ಹಿಡಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಬೇಕಾಗುವ ಸಾಮಾನು ಸ್ವಲ್ಪವೇ: ದಪ್ಪ ಬಟ್ಟೆಯ ಕೈಗವಸು, ಟಾರ್ಚ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಅಳತೆಪಟ್ಟಿ, ಸಾಧ್ಯವಾದರೆ ವರ್ನಿಯರ್, ಒಂದು ಅಯಸ್ಕಾಂತ, ಬಟರ್ ಪೇಪರ್, ಮೆತ್ತನೆಯ ಪೆನ್ಸಿಲ್, ಹೊಲಿಗೆ ಯಂತ್ರದ ಎಣ್ಣೆ. ಒರೆ ಕಚ್ಚಿಕೊಂಡಿದ್ದರೆ ಎಳೆದಾಡಬೇಡಿ. ಒರೆಯ ಬಾಯಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೆ ಹಿಡಿಯನ್ನು ಒಂದು ಕೈಯಲ್ಲಿ, ಒರೆಯ ಬಾಯಿಯ ಲೋಹದ ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಒರೆಯ ನಡುವೆ ಹಿಡಿದರೆ ಹಳೆಯ ಚರ್ಮದ ಹೊಲಿಗೆ ಬಿಚ್ಚಿ ಅಲಗು ಬೆರಳಿಗೇ ಬರುತ್ತದೆ.

ಮೊದಲು ಅಳತೆ

ಮುದ್ರೆ ಓದುವ ಮುಂಚೆ ಅಳೆಯಿರಿ. ಹಿಡಿಗೂ ಅಲಗಿಗೂ ನಡುವೆ ಇರುವ ಅಡ್ಡಪಟ್ಟಿಯಿಂದ ಮೊನೆಯವರೆಗೆ ಅಲಗು 17 ಅಂಗುಲ, ಅಂದರೆ ಸುಮಾರು 432 ಮಿಲಿಮೀಟರ್ ಇದ್ದರೆ ಅದು 1907ರ ಮಾದರಿಯ ಪೂರ್ಣ ಉದ್ದದ್ದು. ಹಿಡಿಯೂ ಸೇರಿ ಸುಮಾರು 550 ಮಿಲಿಮೀಟರ್ ಬರುತ್ತದೆ. ಅಲಗು 12 ಅಂಗುಲ, ಅಂದರೆ ಸುಮಾರು 305 ಮಿಲಿಮೀಟರ್ ಇದ್ದರೆ ಅದು ಹೆಚ್ಚಾಗಿ ಭಾರತದ ರೂಪ. ಅದರ ವಿಷಯ ಮುಂದೆ ಇದೆ. ಅಡ್ಡಪಟ್ಟಿಯ ಮೇಲ್ತುದಿಯಲ್ಲಿ ರೈಫಲಿನ ಮೂತಿಗೆ ಸಿಕ್ಕಿಸುವ ಬಳೆ ಇರುತ್ತದೆ. ಅದರ ಒಳವ್ಯಾಸ ಸುಮಾರು 16.5 ಮಿಲಿಮೀಟರ್. ಹಿಡಿಗೆ ಎರಡು ವಾಲ್ನಟ್ ಮರದ ಪಟ್ಟಿ, ಅವಕ್ಕೆ ಎರಡು ಸ್ಕ್ರೂ. ಹಿಡಿಯ ತಲೆಯಲ್ಲಿ ರೈಫಲಿಗೆ ಕೂರಿಸುವ ಗಾಡಿ (ಉದ್ದನೆಯ ಸೀಳು), ಪಕ್ಕದಲ್ಲಿ ಒತ್ತುವ ಗುಂಡಿ.

ಅಲಗು 8 ಅಂಗುಲದಷ್ಟೇ ಇದ್ದು ಬಳೆ ತುಂಬ ದೊಡ್ಡದಾಗಿದ್ದರೆ (ಸುಮಾರು 24 ಮಿಲಿಮೀಟರ್) ಅದು ಜಂಗಲ್ ಕಾರ್ಬೈನ್ ಎಂದು ಹೆಸರಾದ ನಂಬರ್ 5 ರೈಫಲಿನದು. 1944ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಬಾಯಿಯೇ ಇಲ್ಲದೆ ಮೊಳೆಯಂತೆ ನೆಟ್ಟಗಿರುವ 8 ಅಂಗುಲದ ಕಂಬಿ ನಂಬರ್ 4 ರೈಫಲಿನದು, ಎರಡನೇ ಮಹಾಯುದ್ಧದ್ದು. ಬಳೆಯೇ ಇಲ್ಲದೆ ಎರಡೂ ಕಡೆ ಬಾಯಿ ಇರುವ ತೆಳ್ಳನೆಯ ಕಠಾರಿಯಾಗಿದ್ದರೆ ಬ್ರಿಟಿಷ್ ಕಮಾಂಡೊಗಳ ಫೇರ್‌ಬೇರ್ನ್-ಸೈಕ್ಸ್ ಕಠಾರಿ ಇರಬಹುದು. ಅದರಲ್ಲಿ ಎಸ್ ಆಕಾರದ ಅಡ್ಡಪಟ್ಟಿ ಇರುವುದು ಮೊದಲ ಮಾದರಿ, ಹಿಡಿಯ ಸುತ್ತ ಒತ್ತೊತ್ತಾಗಿ ಉಂಗುರದಂಥ ಏಣುಗಳಿರುವುದು ಮೂರನೆಯದು. ಗೂರ್ಖಾಗಳ ಬಾಗಿದ ಕತ್ತಿ ಕುಕ್ರಿಯಾಗಿದ್ದರೆ ಸೈನ್ಯದ ಮುದ್ರೆ, ಬಾಣದ ಗುರುತು, ತಯಾರಿಕೆಯ ವರ್ಷ ಹುಡುಕಿ. ಹಿಡಿಯಲ್ಲಿ ಸಿಂಹದ ತಲೆ, ಅಲಗಿನಲ್ಲಿ ಬರೀ ‘ಇಂಡಿಯಾ’ ಎಂಬ ಅಚ್ಚು ಇದ್ದರೆ ಅದು ನೆನಪಿಗೆಂದು ಮಾರಿದ ಸರಕು. ಅದನ್ನು ಯುದ್ಧಕ್ಕೆ ಒಯ್ದಿರುವುದಿಲ್ಲ.

ಮುದ್ರೆ ಓದುವುದು

ಅಡ್ಡಪಟ್ಟಿಗೆ ತಾಗಿದಂತೆ ಅಲಗು ಚಪ್ಪಟೆಯಾಗಿರುವ ಜಾಗದಲ್ಲಿ ಎರಡೂ ಬದಿಗೆ ಮುದ್ರೆಗಳಿರುತ್ತವೆ. ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಅಲಗಿಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು ನಿಧಾನ ತಿರುಗಿಸಿ. ಅಕ್ಷರಗಳ ನೆರಳು ಬೀಳುತ್ತಲೇ ಫೋಟೊ ತೆಗೆಯಿರಿ. ಆಮೇಲೆ ಬಟರ್ ಪೇಪರನ್ನು ಮೇಲಿಟ್ಟು ಪೆನ್ಸಿಲ್ಲನ್ನು ಓರೆಯಾಗಿ ಹಗುರವಾಗಿ ಉಜ್ಜಿ. ಕಣ್ಣಿಗೆ ಸಿಗದ ಅಂಕಿ ಎಷ್ಟೋ ಸಲ ಕಾಗದದ ಮೇಲೆ ಮೂಡುತ್ತದೆ. ತುಕ್ಕು ದಪ್ಪವಾಗಿದ್ದರೆ ಆ ಜಾಗಕ್ಕೆ ಮಾತ್ರ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಒರಟು ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಮತ್ತೆ ಹಚ್ಚಿ, ಮತ್ತೆ ಒರೆಸಿ. ಮೂರು ನಾಲ್ಕು ದಿನ ಹಿಡಿದರೆ ಹಿಡಿಯಲಿ.

ಒಂದು ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಕಿರೀಟ, ರಾಜನ ಹೆಸರಿನ ಅಕ್ಷರಗಳು, ಮಾದರಿಯ ಹೆಸರು, ತಿಂಗಳು-ವರ್ಷ, ತಯಾರಕರ ಹೆಸರು ಸಾಲಾಗಿ ಇರುತ್ತವೆ. ಉದಾಹರಣೆಗೆ ಕಿರೀಟ, ಜಿ.ಆರ್. (ರಾಜ ಜಾರ್ಜ್), 1907, ಅದರಡಿ 9 ಮತ್ತು 17, ಕೊನೆಗೆ ವಿಲ್ಕಿನ್‌ಸನ್ ಎಂದಿದ್ದರೆ ಅದು 1917ರ ಸೆಪ್ಟೆಂಬರಿನಲ್ಲಿ ವಿಲ್ಕಿನ್‌ಸನ್ ಕಂಪನಿ ಮಾಡಿದ್ದು. ಇ.ಆರ್. ಎಂದಿದ್ದರೆ ಏಳನೇ ಎಡ್ವರ್ಡ್, ಅಂದರೆ ಈ ಮಾದರಿಯ ಮಟ್ಟಿಗೆ ತೀರ ಆರಂಭದ ವರ್ಷಗಳು. ಆತ 1910ರಲ್ಲಿ ತೀರಿಕೊಂಡ. ಬ್ರಿಟನ್ನಿನ ತಯಾರಕರಲ್ಲಿ ಸ್ಯಾಂಡರ್‌ಸನ್, ವಿಲ್ಕಿನ್‌ಸನ್, ಚಾಪ್‌ಮನ್, ಮೋಲ್, ವಿಕರ್ಸ್ ಹೆಸರುಗಳು ಸಿಗುತ್ತವೆ. ಇ.ಎಫ್.ಡಿ. ಎಂದರೆ ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆ. ಅಮೆರಿಕದ ರೆಮಿಂಗ್‌ಟನ್ ಸಹ ಮೊದಲ ಮಹಾಯುದ್ಧದಲ್ಲಿ ಮಾಡಿಕೊಟ್ಟಿತು. ಲಿತ್‌ಗೋ ಎಂದಿದ್ದರೆ ಅದು ಆಸ್ಟ್ರೇಲಿಯಾದ್ದು.

ಜಿ.ಆರ್.ಐ. ಎಂದು ಮೂರು ಅಕ್ಷರ ಕಂಡರೆ ಗಮನಿಸಿ. ಕೊನೆಯ ಐ ‘ಚಕ್ರವರ್ತಿ’ ಎಂಬುದಕ್ಕೆ ನಿಂತಿರುವ ಅಕ್ಷರ. ರಾಜ ಭಾರತದ ಚಕ್ರವರ್ತಿಯೂ ಆಗಿದ್ದರಿಂದ ಇಲ್ಲಿ ತಯಾರಾದ ಸರಕಿಗೆ ಅದು ಬೀಳುತ್ತಿತ್ತು. ಜೊತೆಗೆ ಆರ್.ಎಫ್.ಐ. ಇದ್ದರೆ ಕಲ್ಕತ್ತ ಸಮೀಪದ ಇಶಾಪುರ ರೈಫಲ್ ಫ್ಯಾಕ್ಟರಿ. ಆದರೆ ಐದನೇ ಜಾರ್ಜ್, ಆರನೇ ಜಾರ್ಜ್ ಇಬ್ಬರಿಗೂ ಇದೇ ಅಕ್ಷರಗಳು. ಆದ್ದರಿಂದ ಅಕ್ಷರ ನೋಡಿ ಕಾಲ ಹೇಳಲು ಬರುವುದಿಲ್ಲ, ಕೆಳಗಿನ ಅಂಕಿ ಬೇಕೇ ಬೇಕು. ಕಿರೀಟದ ಜಾಗದಲ್ಲಿ ಅಶೋಕ ಸ್ತಂಭದ ಸಿಂಹಗಳಿದ್ದರೆ ಅದು ಗಣರಾಜ್ಯದ ಕಾಲದ ಮುದ್ರೆ.

ಇನ್ನೊಂದು ಬದಿ ನೋಡಲು ಗೊಂದಲ, ಆದರೆ ಕಥೆ ಇರುವುದೇ ಅಲ್ಲಿ. ಕಾಗೆ ಕಾಲಿನಂಥ ಮೂರು ಗೆರೆಯ ಬಾಣ ಸರ್ಕಾರಿ ಸ್ವತ್ತು ಎಂಬುದರ ಗುರುತು. ಎಕ್ಸ್ ಎಂದರೆ ಅಲಗನ್ನು ಬಗ್ಗಿಸಿ ಪರೀಕ್ಷಿಸಿದ್ದಾರೆ, ಅದು ಪಾಸಾಗಿದೆ ಎಂದು. ಚಿಕ್ಕ ಕಿರೀಟ, ಅದರಡಿ ಒಂದು ಅಂಕಿ, ಅದರಡಿ ಒಂದು ಅಕ್ಷರ, ಹೀಗೆ ಇರುವವು ಇನ್‌ಸ್ಪೆಕ್ಟರರ ಮುದ್ರೆಗಳು. ಅಕ್ಷರ ಇ ಆದರೆ ಎನ್‌ಫೀಲ್ಡ್. ಬಾಣದ ಜೊತೆ ಐ ಅಕ್ಷರ ಇದ್ದರೆ ಭಾರತ ಸರ್ಕಾರದ ಸ್ವತ್ತು. ಹಾಗಾಗಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದ ಅಲಗಿನ ಮೇಲೂ ಈ ಐ ಬಿದ್ದಿರಬಹುದು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿದಂತೆ ಇದ್ದರೆ, ಸೈನ್ಯ ಅದನ್ನು ಮಾರಿ ಕೈತೊಳೆದುಕೊಂಡಿದೆ ಎಂದರ್ಥ.

ಇದೇ ಬದಿಯಲ್ಲಿ 24, 25 ಎಂಬಂಥ ಬಿಡಿ ಎರಡಂಕಿಗಳೂ ಇರುತ್ತವೆ. ಅವು ಮರುಪರೀಕ್ಷೆ ಮಾಡಿ ಮತ್ತೆ ವಿತರಿಸಿದ ವರ್ಷಗಳು. ತಯಾರಿಕೆಯ ವರ್ಷ 17 ಎಂದಿದ್ದು ಹಿಂಬದಿಯಲ್ಲಿ 24 ಇದ್ದರೆ, ಆ ಬಯೊನೆಟ್ 1924ರಲ್ಲೂ ಸೇವೆಯಲ್ಲಿತ್ತು ಎಂಬುದು ಖಚಿತ. ಇದರಿಂದ ‘ತಾತ ಮೊದಲ ಮಹಾಯುದ್ಧದಿಂದ ತಂದದ್ದು’ ಎಂಬ ಮನೆಮಾತು ಕೆಲವೊಮ್ಮೆ ಒಂದೇ ಏಟಿಗೆ ಬಿದ್ದುಹೋಗುತ್ತದೆ. 1919ರಲ್ಲಿ ಮನೆಗೆ ಬಂದ ಬಯೊನೆಟ್ಟಿನ ಮೇಲೆ 1924ರ ಸರ್ಕಾರಿ ಮುದ್ರೆ ಬೀಳಲು ದಾರಿಯಿಲ್ಲ.

ಕೊಕ್ಕೆ ಮತ್ತು ತೂತು

ಅಡ್ಡಪಟ್ಟಿಯ ಕೆಳತುದಿ ಮುಂದಕ್ಕೆ ಕೊಕ್ಕೆಯಾಗಿ ಬಾಗಿದ್ದರೆ ನಿಧಾನಿಸಿ. ಮೊದಲ ವರ್ಷಗಳ ಬಯೊನೆಟ್ಟಿಗೆ ಈ ಕೊಕ್ಕೆ ಇತ್ತು. 1913ರ ಕೊನೆಯಲ್ಲಿ ಅದನ್ನು ಕೈಬಿಡಲು ಆದೇಶವಾಯಿತು. ಹಳೆಯವನ್ನೂ ರಿಪೇರಿಗೆ ಬಂದಾಗ ಕತ್ತರಿಸಿ ಉರುಟು ಮಾಡಿದರು. ಹಾಗಾಗಿ ಕೊಕ್ಕೆ ಉಳಿದವು ಅಪರೂಪ, ಬೆಲೆ ಹಲವು ಪಟ್ಟು. ಬೆಲೆ ಇರುವ ಕಡೆ ಮೋಸವೂ ಇರುತ್ತದೆ. ಸಾಮಾನ್ಯ ಅಡ್ಡಪಟ್ಟಿಗೆ ಕೊಕ್ಕೆ ಬೆಸುಗೆ ಹಾಕಿ ಮಾರುವವರಿದ್ದಾರೆ. ಅಲಗಿನ ಮೇಲೆ 16, 17 ಎಂದು ವರ್ಷವಿದ್ದು ಕೊಕ್ಕೆಯೂ ಇದ್ದರೆ ಅನುಮಾನಪಡಿ. ಕೊಕ್ಕೆ ಶುರುವಾಗುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಬಣ್ಣ ಬದಲಾಗಿದ್ದರೆ, ಸಣ್ಣ ಗುಳಿಗಳಿದ್ದರೆ, ಅರದ ಗೀರುಗಳು ಅಲ್ಲಿ ಮಾತ್ರ ಹೊಸದಾಗಿದ್ದರೆ ಅದು ಬೆಸುಗೆ.

ಹಿಡಿಯ ತಲೆಯಲ್ಲಿ ಆರಪಾರ ಒಂದು ಸಣ್ಣ ದುಂಡು ತೂತು ಇರುತ್ತದೆ. ಗಾಡಿಯೊಳಗೆ ಸೇರುವ ಮಣ್ಣು, ಕೆಸರು ಹೊರಬೀಳಲಿ ಎಂದು 1916ರಲ್ಲಿ ಸೇರಿಸಿದ್ದು. ಇಲ್ಲಿ ತರ್ಕ ಒಂದೇ ದಿಕ್ಕಿನಲ್ಲಿ ಓಡುತ್ತದೆ. ತೂತು ಇಲ್ಲದಿದ್ದರೆ ಬ್ರಿಟನ್ನಿನ ಆ ಬಯೊನೆಟ್ ಹೆಚ್ಚುಕಡಿಮೆ 1916ಕ್ಕೆ ಹಿಂದಿನದು, ಆಮೇಲೆ ರಿಪೇರಿ ಕೋಣೆಗೆ ಹೋಗಿಲ್ಲ. ತೂತು ಇದೆ ಎಂದಾಕ್ಷಣ 1916ರ ನಂತರದ್ದು ಎನ್ನಲಾಗದು. ಹಳೆಯವಕ್ಕೂ ಆಮೇಲೆ ಕೊರೆದರು. 1911ರ ಅಲಗಿನಲ್ಲಿ ಕೊಕ್ಕೆ ಹೋಗಿ, ತೂತು ಬಂದು, 20ರ ದಶಕದ ಮರುಪರೀಕ್ಷೆ ಮುದ್ರೆ ಬಿದ್ದಿದ್ದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ದುಡಿದ ಬಯೊನೆಟ್ಟಿನ ಸಹಜ ಜಾತಕ ಅದು.

ಹನ್ನೆರಡು ಅಂಗುಲದವು

‘ಯಾರೋ ಕತ್ತರಿಸಿದ್ದಾರೆ, ಹಾಳಾಗಿದೆ’ ಎಂದು ಮೂಲೆಗೆ ಎಸೆದ ಬಯೊನೆಟ್ಟುಗಳಲ್ಲಿ ಹಲವು ನಿಜವಾಗಿ ಸೈನ್ಯವೇ ಮೊಟಕು ಮಾಡಿದವು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ 17 ಅಂಗುಲದ ಅಲಗು ಅನಗತ್ಯ ಉದ್ದ ಎನಿಸಿ 12ಕ್ಕೆ ಇಳಿಸಿದರು. ಹಳೆಯ ಅಲಗನ್ನೇ ಕತ್ತರಿಸಿ ಮೊನೆ ಮಾಡಿದ್ದಕ್ಕೆ ನಂಬರ್ 1 ಮಾರ್ಕ್ 1 ಸ್ಟಾರ್ ಎಂದು ಹೆಸರು. ಅಲಗಿನ ಪಕ್ಕದ ಉದ್ದನೆಯ ತೋಡನ್ನು ನೋಡಿ. ಪೂರ್ಣ ಉದ್ದದ್ದರಲ್ಲಿ ಅದು ಮೊನೆಗೆ ಸಾಕಷ್ಟು ಮೊದಲೇ ದುಂಡಗೆ ಮುಗಿಯುತ್ತದೆ. ಕತ್ತರಿಸಿದ್ದರಲ್ಲಿ ಮೊನೆಯ ತೀರ ಹತ್ತಿರದವರೆಗೆ ಓಡಿ ಕತ್ತರಿಸಿದಂತೆ ನಿಲ್ಲುತ್ತದೆ. ಇಂಥದರಲ್ಲಿ ಬುಡದ ಮುದ್ರೆ 1917 ಎಂದೇ ಹೇಳುತ್ತದೆ, ಆದರೆ ಈಗಿರುವ ರೂಪ ಅದಕ್ಕಿಂತ ಎರಡು ದಶಕಕ್ಕೂ ಹೆಚ್ಚು ಕಿರಿಯದು. ದಾಖಲೆಯಲ್ಲಿ ಎರಡನ್ನೂ ಬರೆಯಬೇಕು.

ಹೊಸದಾಗಿಯೇ 12 ಅಂಗುಲಕ್ಕೆ ಮಾಡಿದ ಮಾರ್ಕ್ 2ರಲ್ಲಿ ತೋಡೇ ಇಲ್ಲ, ಅಲಗು ಸಪಾಟು. ಮಾರ್ಕ್ 3ರಲ್ಲಿ ಹಿಡಿಯ ತಲೆಯೂ ಚೌಕಾಕಾರ, ಕೆಲಸ ಒರಟು, ಮೈಗೆಲ್ಲ ಕಪ್ಪು. ಯುದ್ಧದ ಅವಸರದಲ್ಲಿ ನಯಗೆಲಸಕ್ಕೆ ಸಮಯವಿರಲಿಲ್ಲ, ಆ ಒರಟುತನವೇ ಅದರ ಅಸಲಿತನ. ಈ ಎರಡಕ್ಕೂ ಸ್ಟಾರ್ ಸೇರಿದ್ದರೆ ಅಲಗಿನ ಬೆನ್ನಿನಲ್ಲಿ ಮೊನೆಯ ಬಳಿ ಎರಡನೇ ಬಾಯಿ ತೆಗೆದಿರುತ್ತಾರೆ. ಸ್ಟಾರ್ ಎಂದರೆ ಅದೇ ಮಾದರಿಯಲ್ಲಿ ಒಂದು ಸಣ್ಣ ಬದಲಾವಣೆ ಎಂದಷ್ಟೇ, ಪದಕ ಗಿದಕ ಅಲ್ಲ.

ಸೈನ್ಯ ಕತ್ತರಿಸಿದ್ದಕ್ಕೂ ಊರಿನ ಕಮ್ಮಾರ ಕತ್ತರಿಸಿದ್ದಕ್ಕೂ ವ್ಯತ್ಯಾಸ ಹೇಳುವುದು ಅಳತೆ. ಸೈನ್ಯದ್ದು 12 ಅಂಗುಲದ ಆಸುಪಾಸಿನಲ್ಲೇ ಇರುತ್ತದೆ, ಮೊನೆ ಎರಡೂ ಕಡೆ ಸಮ. ಹತ್ತೂಕಾಲು, ಹದಿಮೂರೂವರೆ ಎಂದು ಬಂದರೆ, ಮೊನೆ ಒಂದು ಕಡೆ ವಾಲಿದ್ದರೆ, ಬೆಂಕಿಗೆ ಹಿಡಿದ ನೀಲಿ ಬಣ್ಣ ಕಂಡರೆ ಅದು ಮನೆಬಳಕೆಗೆ ಮೊಟಕಾದದ್ದು.

ಒರೆ ಬೇರೆ, ಕತ್ತಿ ಬೇರೆ

ಒರೆಯ ವರ್ಷವನ್ನು ಕತ್ತಿಗೆ ಹಚ್ಚಬೇಡಿ. ಚರ್ಮದ ಒರೆ ಬೇಗ ಹಾಳಾಗುತ್ತದೆ, ಸ್ಟೋರಿನಲ್ಲಿ ಬದಲಾಗುತ್ತಲೇ ಇತ್ತು. ಚರ್ಮದ ಹಿಂಬದಿಯಲ್ಲಿ ಹೊಲಿಗೆಯ ಪಕ್ಕ, ಬಾಯಿಯ ಲೋಹಕ್ಕೆ ಹತ್ತಿರ ಮುದ್ರೆ ಹುಡುಕಿ. 12 ಅಂಗುಲದ ಅಲಗು 17 ಅಂಗುಲದ ಒರೆಯಲ್ಲಿ ಗಲಗಲ ಎನ್ನುತ್ತಿದ್ದರೆ ಜೋಡಿ ಮೂಲದ್ದಲ್ಲ. ಹಿಡಿಯ ಮರವೂ ಹಾಗೆಯೇ, ಬದಲಾಗಿರಬಹುದು. ಒಳಗಿನ ಮುದ್ರೆ ನೋಡುವ ಆಸೆಗೆ ಸ್ಕ್ರೂ ಬಿಚ್ಚಬೇಡಿ. ತಲೆ ಸವೆದ ಹಳೆಯ ಸ್ಕ್ರೂ ಒಮ್ಮೆ ಜಾರಿದರೆ ಮರಕ್ಕೆ ಗೀರು ಬೀಳುತ್ತದೆ, ಬಿಗಿಯಾಗಿದ್ದರೆ ಒಣಗಿದ ಮರವೇ ಸೀಳುತ್ತದೆ.

ಹಿಡಿಯ ತಲೆಯಲ್ಲೋ ಅಡ್ಡಪಟ್ಟಿಯಲ್ಲೋ ಇರುವ ಅಂಕಿಗಳು ರೈಫಲಿನ ಅಥವಾ ಆಯುಧ ಕೊಠಡಿಯ ಕ್ರಮಸಂಖ್ಯೆ ಇರಬಹುದು. ಅಕ್ಷರ ಜೊತೆಗಿದ್ದರೆ ರೆಜಿಮೆಂಟಿನ ಗುರುತು. ಅವನ್ನು ನಿಮ್ಮ ತಾತನ ಸರ್ವಿಸ್ ನಂಬರ್ ಎಂದುಕೊಳ್ಳಬೇಡಿ. ಬಯೊನೆಟ್ ಸರ್ಕಾರದ್ದು, ಸಿಪಾಯಿಯ ಹೆಸರಿಗೆ ಮುದ್ರೆ ಹಾಕುವ ರೂಢಿ ಇರಲಿಲ್ಲ.

ನಕಲನ್ನು ಹಿಡಿಯಲು ಮೊದಲು ಅಯಸ್ಕಾಂತ. ಅಸಲಿನಲ್ಲಿ ಅಲಗು, ಅಡ್ಡಪಟ್ಟಿ, ಹಿಡಿಯ ತಲೆ ಮೂರೂ ಕಬ್ಬಿಣ-ಉಕ್ಕಿನವು, ಮೂರಕ್ಕೂ ಅಂಟಬೇಕು. ಅಡ್ಡಪಟ್ಟಿಗೆ ಅಂಟದಿದ್ದರೆ ಹಿತ್ತಾಳೆಯೋ ಅಲ್ಯುಮಿನಿಯಮ್ಮೋ ಆಗಿರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಎರಡನೆಯದು ಬಳೆಯ ಅಳತೆ. ಅಲಂಕಾರಕ್ಕೆ ಮಾಡಿದವರು ರೈಫಲಿಗೆ ಕೂರಿಸಿ ನೋಡಿರುವುದಿಲ್ಲ. ಮೂರನೆಯದು ಅಕ್ಷರದ ಅಂಚು. ಉಳಿಯಚ್ಚು ಇಟ್ಟು ಹೊಡೆದ ಮುದ್ರೆಯಲ್ಲಿ ಲೋಹ ಒತ್ತಿ ಅಂಚು ತುಸು ಉಬ್ಬಿರುತ್ತದೆ, ಸಾಲು ಸ್ವಲ್ಪ ಸೊಟ್ಟಗೂ ಇರಬಹುದು. ಆಸಿಡ್ಡಿನಲ್ಲಿ ಕೊರೆದದ್ದು ಆಳವಿಲ್ಲದೆ ಮಬ್ಬಾಗಿ, ಎಲ್ಲ ಒಂದೇ ಸಮನಾಗಿ ಕಾಣುತ್ತದೆ.

ಮನೆಯ ಕಥೆಯನ್ನು ಒರೆಗೆ ಹಚ್ಚುವಾಗ

ವಸ್ತು ಹೇಳುವ ವರ್ಷ, ಕುಟುಂಬ ಹೇಳುವ ವರ್ಷ ಎರಡನ್ನೂ ಬೇರೆ ಬೇರೆ ಬರೆದಿಡಿ. ಉದಾಹರಣೆಗೆ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರ ಮನೆಯಲ್ಲಿ ಬಯೊನೆಟ್ ಸಿಕ್ಕರೆ ಮೊದಲ ಮಹಾಯುದ್ಧದ ಹೈಫಾ ಕಾಳಗದ ನೆನಪು ತಾನಾಗಿ ಬರುತ್ತದೆ. ಆದರೆ 1918ರ ಸೆಪ್ಟೆಂಬರ್ 23ರ ಆ ಕುದುರೆ ದಾಳಿ ಹೆಸರಾದದ್ದು ಈಟಿ ಮತ್ತು ಕತ್ತಿಯಿಂದ. ಅಲಗಿನ ಮೇಲೆ 42 ಎಂದಿದ್ದರಂತೂ ಅದು ಮುಂದಿನ ತಲೆಮಾರಿನವರು ತಂದದ್ದು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಪದಕದ ಅಂಚಿನಲ್ಲಿ ಕೆತ್ತಿದ ನಂಬರ್ ಮತ್ತು ದಳದ ಹೆಸರು ಇವೇ ಗಟ್ಟಿ ಸಾಕ್ಷಿ. ಸ್ಯಾಪರ್ಸ್‌ನಲ್ಲಿ (ಸೈನ್ಯದ ಎಂಜಿನಿಯರ್ ದಳ) ಇದ್ದವರಾದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಬೆಂಗಳೂರಿನಲ್ಲೇ ಇದೆ. ವಿಚಾರಿಸುವಾಗ ಸರ್ವಿಸ್ ನಂಬರ್ ಕೈಯಲ್ಲಿರಲಿ.

ಆಯುಧಪೂಜೆಗೆ ಇಡುವುದಾದರೆ ಅರಿಶಿನ, ಕುಂಕುಮ, ಗಂಧವನ್ನು ನೇರ ಅಲಗಿಗೆ ಹಚ್ಚಬೇಡಿ. ಒದ್ದೆ ಕುಂಕುಮ ಒಂದು ರಾತ್ರಿ ಕೂತರೆ ಅದರಡಿ ತುಕ್ಕಿನ ಚುಕ್ಕೆ ಏಳುತ್ತದೆ, ಮರಕ್ಕೂ ಚರ್ಮಕ್ಕೂ ಬಿದ್ದ ಬಣ್ಣ ಹೋಗುವುದಿಲ್ಲ. ಮಣೆಯ ಮೇಲೆ ಬಟ್ಟೆ ಹಾಸಿ ಬಯೊನೆಟ್ ಇಟ್ಟು, ಕುಂಕುಮವನ್ನು ಮಣೆಗೆ ಇಡಿ. ವರ್ಷದ ಉಳಿದ ದಿನ ಅಲಗು ಒರೆಯೊಳಗೆ ಇರಬಾರದು. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಮಲೆನಾಡಿನ ಒಂದು ಮಳೆಗಾಲ ಸಾಕು. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಒರೆಯನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ. ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಒತ್ತುವ ಗುಂಡಿ ಕಚ್ಚಿಕೊಂಡಿರುವುದಕ್ಕೂ ಹಿಂದಿನವರು ಹಾಕಿದ ಗಟ್ಟಿಯಾದ ಎಣ್ಣೆಯೇ ಹೆಚ್ಚಾಗಿ ಕಾರಣ. ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ಮರುದಿನ ಒತ್ತಿದರೆ ಬಿಡುತ್ತದೆ.

ಕಾನೂನು

2016ರ ಶಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿರುವ ಕತ್ತಿ, ಕಠಾರಿ, ಬಯೊನೆಟ್ ಮುಂತಾದವನ್ನು ಶಸ್ತ್ರಗಳ ಪಟ್ಟಿಗೆ ಸೇರಿಸುತ್ತವೆ. 12 ಅಂಗುಲದ್ದೂ 17 ಅಂಗುಲದ್ದೂ ಅದರೊಳಗೆ ಬರುತ್ತವೆ. ಇಂಥವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಾಗುವುದು 1959ರ ಶಸ್ತ್ರ ಕಾಯ್ದೆಯ 4ನೇ ಕಲಮಿನಡಿ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ನಿಮ್ಮ ಜಿಲ್ಲೆಯಲ್ಲಿ ಹೇಗೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲೋ ಪೊಲೀಸ್ ಕಮಿಷನರ್ ಕಚೇರಿಯಲ್ಲೋ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಬೇರೆಯದೇ ಆದೇಶ. ಅದರ ಒಕ್ಕಣೆ ಓದದೆ ಮನೆಯ ಎಲ್ಲ ಆಯುಧಕ್ಕೂ ಅನ್ವಯಿಸಬೇಡಿ. ಮಾರಾಟದ ವ್ಯಾಪಾರಕ್ಕೆ ಪ್ರತ್ಯೇಕ ನಿಯಮಗಳಿವೆ.

ವರ್ಷ ಪತ್ತೆಹಚ್ಚುವುದು ಬರೀ ಕುತೂಹಲದ ಮಾತಲ್ಲ ಎನ್ನುವುದು ಗೊತ್ತಾಗುವುದು ಅದನ್ನು ಹೊರದೇಶಕ್ಕೆ ಒಯ್ಯುವಾಗ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ, ಐತಿಹಾಸಿಕ ಮಹತ್ವದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1943ರ ಮಾರ್ಕ್ 3ಕ್ಕೆ ಈ ತೊಡಕಿಲ್ಲ, 1917ರ ಅಲಗಿಗೆ ಇದೆ. 1917ರದ್ದನ್ನು 40ರ ದಶಕದಲ್ಲಿ ಮೊಟಕು ಮಾಡಿದ್ದರೆ ಏನು ಎಂದು ನೀವೇ ತೀರ್ಮಾನಿಸಬೇಡಿ. ಅಮೆರಿಕದಲ್ಲಿರುವ ಮೊಮ್ಮಗನಿಗೆ ಪಾರ್ಸೆಲ್ ಕಟ್ಟುವ ಮುಂಚೆ ಎರಡೂ ಬದಿಯ ಮುದ್ರೆಯ ಫೋಟೊ, ಅಳತೆಗಳು, ಪೆನ್ಸಿಲ್ ಪ್ರತಿ ತೆಗೆದುಕೊಂಡು ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಗೆ ಹೋಗಿ. ಇದು ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಕೊಡುವವರು ಅವರೇ.